ಓದುಗರ ಪ್ರಶ್ನೆ: ಬಸ್ಸು, ಮೆಟ್ರೊ, ರೈಲಿನಲ್ಲಿ ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು

ಸಾರ್ವಜನಿಕ ಸಾರಿಗೆಯಲ್ಲಿ ಓಡಾಡುವಾಗ ಎದುರಾಗುವ ಭಯ ಮತ್ತು ತೊಂದರೆಗಳ ಬಗ್ಗೆ ಬರೆಯುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ, ಪತ್ರ ಬರೆದವರ ಗುರುತು ಸಿಗದಂತೆ ಚಿಕ್ಕದಾಗಿಸಿ ಇಲ್ಲಿ ಕೊಟ್ಟಿದೆ. ಬಸ್ ನಿಲ್ದಾಣಗಳಲ್ಲಿ ಸಂಚಾರ ನಿಯಂತ್ರಕಿಯಾಗಿ ಬಹಳ ವರ್ಷ ಕೆಲಸ ಮಾಡಿದ್ದರಿಂದ ನನ್ನ ಉತ್ತರಗಳು ಬಸ್ಸಿನ ಕಡೆಗೆ ಸ್ವಲ್ಪ ಹೆಚ್ಚೇ ವಾಲಿರಬಹುದು, ಓದುಗರು ಮನ್ನಿಸಬೇಕು.

ಪ್ರಶ್ನೆ: ಮೇಡಂ, ನಾನು ತುಮಕೂರಿನಿಂದ ಬೆಂಗಳೂರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬೆಳಗಿನ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಮೂರ್ನಾಲ್ಕು ವಾರಗಳಿಂದ ನಡುವಯಸ್ಸಿನ ಒಬ್ಬರು ನಾನು ಹತ್ತುವ ಬಸ್ಸನ್ನೇ ಹತ್ತಿ ನನ್ನ ಹಿಂದೆಯೇ ಬಂದು ನಿಲ್ಲುತ್ತಾರೆ. ಬ್ರೇಕ್ ಹಾಕಿದಾಗ ಮಾತ್ರವಲ್ಲ, ಹಾಕದಿದ್ದಾಗಲೂ ಮೈಮೇಲೆ ಬೀಳುತ್ತಾರೆ. ನೂಕುನುಗ್ಗಲಿನಿಂದ ಆಗುವುದೋ ಬೇಕೆಂದೇ ಮಾಡುವುದೋ ತಿಳಿಯುತ್ತಿಲ್ಲ. ‘ಸುಮ್ಮನಿರು, ರಂಪ ಮಾಡಿದರೆ ನಿನ್ನ ಹೆಸರೇ ಕೆಡುತ್ತದೆ’ ಎಂದು ಅಕ್ಕ ಹೇಳುತ್ತಾಳೆ. ಏನು ಮಾಡಲಿ?
— ಪದವಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ತುಂಬಿದ ಬಸ್ಸಿನಲ್ಲಿ ಬ್ರೇಕ್ ಬಿದ್ದಾಗ ಎಲ್ಲರೂ ಮುಂದಕ್ಕೆ ವಾಲುತ್ತಾರೆ, ತಿರುವಿನಲ್ಲಿ ಎಲ್ಲರೂ ಒಂದೇ ಪಕ್ಕಕ್ಕೆ ವಾಲುತ್ತಾರೆ. ಬೇರೆ ಯಾರೂ ವಾಲದ ಹೊತ್ತಿನಲ್ಲಿ ಒಬ್ಬರು ಮಾತ್ರ ವಾಲಿದರೆ ಅದಕ್ಕೆ ಬಸ್ಸು ಕಾರಣವಲ್ಲ. ಆದರೂ ಅನುಮಾನ ಉಳಿದರೆ ಜಾಗ ಬದಲಿಸಿ ನೋಡಿ. ಎರಡು ಸೀಟು ಮುಂದಕ್ಕೆ ಸರಿದು, ಬೆನ್ನನ್ನು ಕಂಬಕ್ಕೋ ಸೀಟಿನ ಬದಿಗೋ ಕೊಟ್ಟು, ಬ್ಯಾಗನ್ನು ಎದೆಯ ಮುಂದೆ ಹಿಡಿದುಕೊಂಡು ನಿಲ್ಲಿ. ನೂಕುನುಗ್ಗಲಿನಲ್ಲಿ ತಾಗಿದವರು ಇದ್ದಲ್ಲಿಯೇ ಉಳಿಯುತ್ತಾರೆ; ಬೇಕೆಂದು ಬರುವವರು ಆ ಜನರ ನಡುವೆಯೂ ದಾರಿ ಮಾಡಿಕೊಂಡು ಬರುತ್ತಾರೆ. ನಿಮ್ಮ ವಿಷಯದಲ್ಲಿ ಒಬ್ಬರೇ ವ್ಯಕ್ತಿ, ಒಂದೇ ಬಸ್ಸು, ಮೂರ್ನಾಲ್ಕು ವಾರ ಎಂದ ಮೇಲೆ ಈ ಪರೀಕ್ಷೆಯೂ ಬೇಕಿಲ್ಲ ಎಂದು ನನಗೆ ಅನ್ನಿಸುತ್ತದೆ.

ದೂರ ಸರಿಯಿರಿ ಎಂದು ಹೇಳುವುದಕ್ಕೆ ನಿಮಗೆ ಯಾವ ಸಾಕ್ಷ್ಯವೂ ಬೇಕಾಗಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ಸಾಕ್ಷ್ಯ ಬೇಕಾಗುವುದು ಶಿಕ್ಷೆಗೆ, ಅಂತರಕ್ಕಲ್ಲ. ಅವರದು ತಪ್ಪಿಲ್ಲದಿದ್ದರೆ ‘ಗೊತ್ತಾಗಲಿಲ್ಲ ಅಮ್ಮ’ ಎಂದು ಸರಿಯುತ್ತಾರೆ, ಅಲ್ಲಿಗೆ ಮುಗಿಯಿತು. ಹೇಳುವಾಗ ಪಿಸುಮಾತು ಬೇಡ, ಬೈಗುಳವೂ ಬೇಡ. ‘ನೀಲಿ ಅಂಗಿಯವರೇ, ನನ್ನ ಮೈಮೇಲೆ ಬೀಳಬೇಡಿ, ಹಿಂದೆ ಸರಿಯಿರಿ’ ಎಂದು ಅಂಗಿಯ ಬಣ್ಣ ಹಿಡಿದು ಹೇಳಿ. ಬಣ್ಣ ಹೇಳಿದ ಕೂಡಲೇ ಬಸ್ಸಿನ ಕಣ್ಣುಗಳೆಲ್ಲ ನಿಮ್ಮನ್ನು ಬಿಟ್ಟು ಆ ಅಂಗಿಯನ್ನು ಹುಡುಕತೊಡಗುತ್ತವೆ. ನಿಮ್ಮ ಅಕ್ಕ ಹೆದರುವ ‘ಹೆಸರು ಕೆಡುವ’ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ಮುಂದಿನ ಮಾತು ನಿರ್ವಾಹಕರಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬೆಳಗಿನ ಬಸ್ಸುಗಳಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚಿದೆ, ಟಿಕೆಟ್ ಕೊಡುವ ಗಡಿಬಿಡಿಯೂ ಹೆಚ್ಚಿದೆ. ಆ ಗಡಿಬಿಡಿಯಲ್ಲಿ ‘ಇವರು ತೊಂದರೆ ಕೊಡುತ್ತಿದ್ದಾರೆ’ ಎಂದರೆ, ಸೀಟಿನ ಜಗಳವೆಂದುಕೊಂಡು ‘ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಎಂಬ ಉತ್ತರ ಬಂದರೂ ಬರಬಹುದು. ‘ಇವರು ಬೇಕೆಂದೇ ಮೈ ಮುಟ್ಟುತ್ತಿದ್ದಾರೆ, ಇವರನ್ನು ಇಳಿಸಿ, ಇಲ್ಲವಾದರೆ ಪೊಲೀಸ್ ಠಾಣೆಯ ಮುಂದೆ ಬಸ್ ನಿಲ್ಲಿಸಿ’ ಎಂದರೆ ಆ ಮಾತಿಗೆ ಎರಡನೆಯ ಅರ್ಥ ಇಲ್ಲ. ಅಸಭ್ಯವಾಗಿ ವರ್ತಿಸುವ ಪ್ರಯಾಣಿಕನನ್ನು ಇಳಿಸುವ ಅಧಿಕಾರ ನಿರ್ವಾಹಕರಿಗಿದೆ. ಆ ಅಧಿಕಾರವನ್ನು ಬಳಸಲು ಅವರಿಗೂ ಒಂದು ಸ್ಪಷ್ಟವಾದ ಮಾತು ಬೇಕು.

ಟಿಕೆಟ್ಟನ್ನು ಎಸೆಯಬೇಡಿ. ದುಡ್ಡು ಕೊಟ್ಟಿಲ್ಲವಲ್ಲ ಎಂದು ಶೂನ್ಯ ದರದ ಟಿಕೆಟ್ಟನ್ನು ಹಲವರು ಕೈಗೆ ಬಂದ ಕ್ಷಣವೇ ಕಿಟಕಿಯಿಂದ ಹಾರಿಬಿಡುತ್ತಾರೆ. ನಾನು ಕೆಲಸದಲ್ಲಿದ್ದಾಗ ದೂರುಗಳು ಬರುತ್ತಿದ್ದುದೇ ಮೂರು ದಿನದ ನಂತರ: ‘ಬೆಳಿಗ್ಗೆ, ಒಂದು ಬಸ್ಸು, ಒಬ್ಬ ಗಂಡಸು’. ಅಷ್ಟರಿಂದ ಯಾವ ಬಸ್ಸು ಎಂದು ಹುಡುಕುವುದೇ ಆಗುತ್ತಿರಲಿಲ್ಲ. ಟಿಕೆಟ್ಟಿನ ಮೇಲೆ ದಿನಾಂಕ, ಸಮಯ, ಹತ್ತಿದ ಮತ್ತು ಇಳಿಯುವ ಊರು ಇರುತ್ತವೆ. ಅದರ ಹಿಂಬದಿಯಲ್ಲಿ ‘ಕೆಎ 06 ಎಫ್’ ಎಂಬಂತೆ ಆರಂಭವಾಗುವ ಬಸ್ಸಿನ ಸಂಖ್ಯೆಯನ್ನೂ ಬರೆದಿಟ್ಟುಕೊಂಡರೆ ಆ ಬಸ್ಸಿನ ಸಿಬ್ಬಂದಿ ಯಾರು ಎಂಬುದನ್ನು ಘಟಕದಲ್ಲಿ ಕೂಡಲೇ ಪತ್ತೆ ಮಾಡಬಹುದು.

ಕಾನೂನು ನಿಮ್ಮ ಪರವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಮಿನ ಪ್ರಕಾರ ಮಹಿಳೆಯ ಮಾನಕ್ಕೆ ಧಕ್ಕೆ ತರುವ ಉದ್ದೇಶದಿಂದ ಬಲಪ್ರಯೋಗ ಮಾಡಿದವನಿಗೆ 1ರಿಂದ 5 ವರ್ಷದವರೆಗೆ ಜೈಲು ಶಿಕ್ಷೆಯಿದೆ. ಲೈಂಗಿಕ ಕಿರುಕುಳಕ್ಕೆ 75ನೇ ಕಲಮು, ಹಿಂಬಾಲಿಸುವುದಕ್ಕೆ 78ನೇ ಕಲಮು ಇವೆ. ಹಿಂಬಾಲಿಸುವ ಅಪರಾಧದಲ್ಲಿ, ಇಷ್ಟವಿಲ್ಲವೆಂದು ಮಹಿಳೆ ಸ್ಪಷ್ಟವಾಗಿ ತೋರಿಸಿದ ಮೇಲೂ ಆತ ಬೆನ್ನು ಬಿಡಲಿಲ್ಲ ಎಂಬುದು ಮುಖ್ಯವಾಗುವುದರಿಂದ, ಬಸ್ಸಿನಲ್ಲಿ ನೀವು ಗಟ್ಟಿಯಾಗಿ ಹೇಳಿದ ಒಂದು ವಾಕ್ಯಕ್ಕೆ ಮುಂದೆ ಠಾಣೆಯಲ್ಲಿಯೂ ಬೆಲೆ ಬರುತ್ತದೆ. ಘಟನೆ ನಡೆದದ್ದು ದಾಬಸ್‌ಪೇಟೆಯ ಬಳಿಯೋ ನೆಲಮಂಗಲದ ಬಳಿಯೋ ಎಂಬ ಗೊಂದಲವಿದ್ದರೆ ಚಿಂತೆ ಬೇಡ. ಯಾವ ಠಾಣೆಯಲ್ಲಾದರೂ ಶೂನ್ಯ ಎಫ್‌ಐಆರ್ ದಾಖಲಿಸಬಹುದು, ಇಂಥ ಪ್ರಕರಣದಲ್ಲಿ ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಒಂದೆರಡು ದಿನ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ. ಮಾತಾಡುವ ಧೈರ್ಯಕ್ಕೂ ಆಯಿತು, ಸಾಕ್ಷಿಗೂ ಆಯಿತು.

ಪ್ರಶ್ನೆ: ಪ್ರಯಾಣದಲ್ಲಿ ಇಯರ್‌ಫೋನ್ ಹಾಕಿಕೊಳ್ಳಲೇಬಾರದೇ? ಅಮ್ಮನ ಜೊತೆ ದಿನವೂ ಇದೇ ಜಗಳ.
— ಓದುಗ, ದಾವಣಗೆರೆ

ಉತ್ತರ: ಕುಳಿತಾಗ ಒಂದು ಕಿವಿಗೆ ಹಾಕಿಕೊಳ್ಳಿ, ಇನ್ನೊಂದು ಕಿವಿ ನಿರ್ವಾಹಕರಿಗೆ ಇರಲಿ. ಹತ್ತುವಾಗ, ಇಳಿಯುವಾಗ, ರಸ್ತೆ ದಾಟುವಾಗ ಎರಡನ್ನೂ ತೆಗೆಯಿರಿ. ಈ ಉತ್ತರವನ್ನು ಅಮ್ಮನಿಗೂ ತೋರಿಸಿ.

ಪ್ರಶ್ನೆ: ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದಿದ್ದೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಕುಳಿತು ನೋಡಿದರೆ ಅಂಗಿಯ ಜೇಬಿನಲ್ಲಿ ಮೊಬೈಲ್ ಇಲ್ಲ. ನಾನು ಎಚ್ಚರವಾಗಿಯೇ ಇದ್ದೆ. ಎಲ್ಲಿ ತಪ್ಪಿದೆ? ಇನ್ನು ಮುಂದೆ ಏನು ಮಾಡಬೇಕು?
— ಬಟ್ಟೆ ವ್ಯಾಪಾರಿ, ಚಿತ್ರದುರ್ಗ

ಉತ್ತರ: ನೀವು ಎಚ್ಚರವಾಗಿದ್ದಿರಿ, ಆದರೆ ಎಚ್ಚರವೆಲ್ಲ ಬಸ್ಸಿನ ಬೋರ್ಡಿನ ಮೇಲಿತ್ತು. ಜೇಬುಗಳ್ಳತನ ಹೆಚ್ಚಾಗಿ ನಡೆಯುವುದು ಓಡುವ ಬಸ್ಸಿನಲ್ಲಲ್ಲ, ಬಾಗಿಲಿನಲ್ಲಿ. ಹತ್ತುವವನ ಒಂದು ಕೈ ಸರಳಿನ ಮೇಲೆ, ಇನ್ನೊಂದು ಕೈಯಲ್ಲಿ ಚೀಲ, ಕಣ್ಣು ಖಾಲಿ ಸೀಟಿನ ಕಡೆ; ಮುಂದಿನವನು ಮೆಟ್ಟಿಲ ಮೇಲೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಾನೆ, ಹಿಂದಿನವನು ತಳ್ಳುತ್ತಾನೆ, ಆ ಎರಡು ಕ್ಷಣ ಸಾಕು. ಮುಂದೆ ನಿಂತವನೂ ಹಿಂದೆ ತಳ್ಳಿದವನೂ ಒಂದೇ ಗುಂಪಿನವರಾಗಿರುತ್ತಾರೆ, ವಸ್ತು ಮಾತ್ರ ಆ ಹೊತ್ತಿಗೆ ಮೂರನೆಯವನ ಕೈ ಸೇರಿರುತ್ತದೆ. ಇನ್ನೊಂದು ವಿಚಿತ್ರ: ‘ಜೇಬು ನೋಡಿಕೊಳ್ಳಿ’ ಎಂದು ಕೂಗಿದ ಕೂಡಲೇ ಎಲ್ಲರೂ ತಮ್ಮ ತಮ್ಮ ದುಡ್ಡಿರುವ ಜಾಗವನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ. ನೋಡಬೇಕಾದವನು ನೋಡಿಕೊಳ್ಳುತ್ತಾನೆ. ಆದ್ದರಿಂದ ಬಸ್ಸಿನ ಹತ್ತಿರ ಬರುವ ಮೊದಲೇ ಮೊಬೈಲನ್ನೂ ಹಣವನ್ನೂ ಜಿಪ್ ಇರುವ ಒಳಜೇಬಿಗೆ ಹಾಕಿ, ಚೀಲವನ್ನು ಮುಂದಕ್ಕೆ ತಂದುಕೊಳ್ಳಿ. ಚಿಲ್ಲರೆ ಮಾತ್ರ ಮೇಲಿನ ಜೇಬಿನಲ್ಲಿರಲಿ.

ಇನ್ನು ಕಳೆದುಕೊಂಡ ಮೇಲಿನ ಕೆಲಸ. ಮೊಬೈಲಿಗಿಂತ ಅದರೊಳಗಿನ ಬ್ಯಾಂಕ್ ಖಾತೆ ದೊಡ್ಡದು; ಬೇರೆಯವರ ಫೋನಿನಿಂದ ಮೊದಲು ಬ್ಯಾಂಕಿಗೆ ಕರೆ ಮಾಡಿ ಯುಪಿಐ ನಿಲ್ಲಿಸಿ, ಆಮೇಲೆ ಸಿಮ್ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ಪೊಲೀಸರ ಬಳಿ ‘ಕಳೆದುಹೋಯಿತು’ ಎಂದು ಬರೆಸಬೇಡಿ, ‘ಕಳುವಾಯಿತು’ ಎಂದೇ ಬರೆಸಿ. ಪೊಲೀಸರ ಇ–ಲಾಸ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಿರುವುದು ಕಳೆದುಹೋದ ವಸ್ತುಗಳಿಗೆ ಮಾತ್ರ, ಕಳುವಿಗಲ್ಲ. ಪ್ರಯಾಣಿಕರ ವಾಹನದಿಂದ ವಸ್ತು ಕದಿಯುವುದು ನ್ಯಾಯ ಸಂಹಿತೆಯ 305ನೇ ಕಲಮಿನಡಿ 7 ವರ್ಷದವರೆಗೆ ಶಿಕ್ಷೆಯಿರುವ ಅಪರಾಧ. ದೂರಿನ ಪ್ರತಿ ಮತ್ತು ಹೊಸ ಸಿಮ್ ಕೈಗೆ ಬಂದ ಮೇಲೆ, ಸಂಚಾರ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಮೊಬೈಲಿನ ಗುರುತಿನ ಸಂಖ್ಯೆಯಾದ ಐಎಂಇಐ ಕೊಟ್ಟು ಹ್ಯಾಂಡ್‌ಸೆಟ್ಟನ್ನೇ ನಿಷ್ಕ್ರಿಯಗೊಳಿಸಬಹುದು. ಆ ಸಂಖ್ಯೆ ಮೊಬೈಲಿನ ಡಬ್ಬದ ಮೇಲಿರುತ್ತದೆ. ಡಬ್ಬ ಎಸೆದವರು ಇಂದೇ *#06# ಒತ್ತಿ, ತೋರಿದ ಸಂಖ್ಯೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಪ್ರಶ್ನೆ: ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಒಬ್ಬಳೇ ಹೋಗಿ ಬರುತ್ತಾಳೆ. ಆಕೆ ಮುಟ್ಟುವವರೆಗೆ ನನಗೆ ನಿದ್ದೆಯಿಲ್ಲ. ಅರ್ಧ ತಾಸಿಗೊಮ್ಮೆ ಫೋನ್ ಮಾಡಿದರೆ ಆಕೆಗೆ ಸಿಟ್ಟು. ಏನೇನು ಕಾಳಜಿ ತೆಗೆದುಕೊಳ್ಳಬೇಕು ಹೇಳ್ರಿ.
— ತಾಯಿ, ಧಾರವಾಡ

ಉತ್ತರ: ಫೋನಿನ ವಿಷಯದಲ್ಲಿ ನಾನು ನಿಮ್ಮ ಮಗಳ ಕಡೆಗೆ. ಅರ್ಧ ತಾಸಿಗೊಂದು ಕರೆಯಿಂದ ಬ್ಯಾಟರಿ ಖಾಲಿಯಾಗುತ್ತದೆ. ನಿಜವಾಗಿ ಕರೆ ಬರಬೇಕಾದ ಹೊತ್ತಿಗೆ ಫೋನ್ ಸತ್ತಿರುತ್ತದೆ. ಬರ್ತಿನಲ್ಲಿ ಕುಳಿತಾಗ ಒಂದು, ಇಳಿದು ಸುರಕ್ಷಿತ ಜಾಗ ಮುಟ್ಟಿದಾಗ ಒಂದು, ಹೀಗೆ ಎರಡು ಕರೆಗೆ ಒಪ್ಪಂದ ಮಾಡಿಕೊಳ್ಳಿ. ಬೋಗಿ ಮತ್ತು ಬರ್ತಿನ ಸಂಖ್ಯೆ ನಿಮ್ಮ ಬಳಿ ಬರೆದಿರಲಿ.

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. 2023ರಲ್ಲಿ ಅದು ಉದ್ಘಾಟನೆಯಾದಾಗ ಜಗತ್ತಿನಲ್ಲೇ ಉದ್ದವಾದದ್ದೆಂದು ನಾವೆಲ್ಲ ಹೆಮ್ಮೆಪಟ್ಟಿದ್ದೇವೆ. ಹೆಮ್ಮೆ ಸರಿ, ಆದರೆ ರಾತ್ರಿ ಹೊತ್ತಿನಲ್ಲಿ ಅದರ ತುದಿಗೆ ಹೋಗಿ ಒಬ್ಬರೇ ನಿಲ್ಲುವ ಅಗತ್ಯವಿಲ್ಲ. ಬೋಗಿ ನಿಲ್ಲುವ ಸ್ಥಳವನ್ನು ಫಲಕದಲ್ಲಿ ಮೊದಲೇ ನೋಡಿಕೊಂಡು, ಚಹಾದ ಅಂಗಡಿಯ ಹತ್ತಿರ ಅಥವಾ ಕುಟುಂಬಗಳು ಕುಳಿತಿರುವ ಬೆಳಕಿನ ಜಾಗದಲ್ಲಿ ಕಾದಿದ್ದು, ರೈಲು ಬರುವ ಸ್ವಲ್ಪ ಮುಂಚೆ ಅಲ್ಲಿಗೆ ನಡೆದರಾಯಿತು.

ಟಿಕೆಟ್ ಕಾಯ್ದಿರಿಸುವಾಗ ಮಹಿಳಾ ಕೋಟಾ ಇದೆಯೇ ನೋಡಿ. ದೂರದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಮಹಿಳೆಯರಿಗೆ 6 ಬರ್ತುಗಳಿರುತ್ತವೆ. ಒಂಟಿಯಾಗಿ ಪ್ರಯಾಣಿಸುವ ಮಹಿಳೆಯರಿಗಾಗಿ ರೈಲ್ವೆ ರಕ್ಷಣಾ ಪಡೆಯು 2020ರಿಂದ ‘ಮೇರಿ ಸಹೇಲಿ’ ಎಂಬ ವ್ಯವಸ್ಥೆ ನಡೆಸುತ್ತಿದೆ. ಪಡೆಯ ಮಹಿಳಾ ಸಿಬ್ಬಂದಿ ಬಂದು ಬೋಗಿ, ಬರ್ತು ಕೇಳಿದರೆ ಮಗಳು ಗಾಬರಿಯಾಗದೆ ಸಮವಸ್ತ್ರ ನೋಡಿಕೊಂಡು ಉತ್ತರಿಸಲಿ. ಓಡುವ ರೈಲಿನಲ್ಲಿ ತೊಂದರೆಯಾದರೆ 139. ಕರೆ ಮಾಡಿದಾಗ ಮೊದಲು ರೈಲಿನ ಸಂಖ್ಯೆ, ಬೋಗಿ, ಬರ್ತು ಹೇಳಬೇಕು, ಕಥೆ ಆಮೇಲೆ. ನಡುವೆ ಸಿಗ್ನಲ್ ಹೋದರೂ ಜಾಗ ತಿಳಿದಿದ್ದರೆ ಮುಂದಿನ ನಿಲ್ದಾಣದಲ್ಲಿ ಜನ ಬರುತ್ತಾರೆ.

ಅಪರಿಚಿತರು ಕೊಟ್ಟ ಬಿಸ್ಕತ್ತು, ಚಹಾ ತೆಗೆದುಕೊಳ್ಳಬಾರದೆಂಬುದು ಎಲ್ಲರಿಗೂ ಗೊತ್ತು, ಬೇಡವೆನ್ನಲು ಮಾತ್ರ ನಮ್ಮವರಿಗೆ ದಾಕ್ಷಿಣ್ಯ. ‘ಇವತ್ತು ನನ್ನ ಉಪವಾಸ’ ಎನ್ನಲಿ. ಉಪವಾಸವೆಂದ ಮೇಲೆ ಒತ್ತಾಯಿಸುವವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಒತ್ತಾಯಿಸಿದರೆ ಆಗ ನಿಜವಾಗಿಯೂ ಎಚ್ಚರಗೊಳ್ಳಬೇಕು.

ನಸುಕಿನಲ್ಲಿ ಬೆಂಗಳೂರಿಗೆ ಇಳಿದಾಗ ಹೊರಗಿನ ಕತ್ತಲಿಗೆ ಹೋಗದೆ ಮಹಿಳೆಯರ ನಿರೀಕ್ಷಣಾ ಕೊಠಡಿಯಲ್ಲಿ ಕೂರಲಿ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣಕ್ಕೆ ಹೊಂದಿಕೊಂಡೇ ಅದೇ ಹೆಸರಿನ ಮೆಟ್ರೊ ನಿಲ್ದಾಣವಿದೆ. ಸಾಮಾನ್ಯ ದಿನಗಳಲ್ಲಿ ಬೆಳಗಿನ 5 ಗಂಟೆಯ ಹೊತ್ತಿಗೆ ಮೆಟ್ರೊ ಶುರುವಾಗುತ್ತದೆ, ಭಾನುವಾರ ಮಾತ್ರ 7ಕ್ಕೆ; ಸೋಮವಾರ ಕೆಲಸಕ್ಕೆ ಹೋಗಲು ಭಾನುವಾರ ಬೆಳಿಗ್ಗೆಯೇ ಬಂದಿಳಿಯುವವರು ಇದನ್ನು ಮರೆತು ನಿಲ್ದಾಣದ ಹೊರಗೆ ಸಿಕ್ಕಿಕೊಳ್ಳುತ್ತಾರೆ. ಮೆಟ್ರೊದ ಮುಂಭಾಗದ ಮೊದಲ ಬೋಗಿ ಮಹಿಳೆಯರದು.

ಪ್ರಶ್ನೆ: ಮೆಟ್ರೊದಲ್ಲಿ ಎದುರು ಕುಳಿತವನು ಮೊಬೈಲನ್ನು ನನ್ನ ಕಡೆ ತಿರುಗಿಸಿ ಹಿಡಿದಿದ್ದ. ವಿಡಿಯೊ ಮಾಡುತ್ತಿದ್ದಾನೆ ಎನ್ನಿಸಿತು, ಕೇಳಲು ಧೈರ್ಯವಾಗಲಿಲ್ಲ. ಇಂಥಲ್ಲಿ ಏನು ಮಾಡಬೇಕು?
— ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ಅನುಮಾನ ಅತಿಯಾದದ್ದಲ್ಲ. 2025ರ ಮೇ ತಿಂಗಳಲ್ಲಿ, ಬೆಂಗಳೂರು ಮೆಟ್ರೊದಲ್ಲಿ ಮಹಿಳೆಯರಿಗೆ ತಿಳಿಯದಂತೆ ತೆಗೆದ ವಿಡಿಯೊಗಳನ್ನು ಜಾಲತಾಣಕ್ಕೆ ಹಾಕುತ್ತಿದ್ದ ಖಾತೆಯೊಂದರ ಮೇಲೆ ಪೊಲೀಸರು ಪ್ರಕರಣ ದಾಖಲಿಸಿ ಒಬ್ಬನನ್ನು ಬಂಧಿಸಿದ್ದರು. ಅವನ ಕೈಯಿಂದ ಫೋನ್ ಕಿತ್ತುಕೊಳ್ಳಲು ಹೋಗಬೇಡಿ. ಜಗಳದ ದಿಕ್ಕು ಬದಲಾಗುತ್ತದೆ. ಎದ್ದು ಅವನ ಪಕ್ಕಕ್ಕೆ ಅಥವಾ ಹಿಂದಕ್ಕೆ ಹೋಗಿ ನಿಂತರೆ ಪರದೆ ನಿಮಗೇ ಕಾಣುತ್ತದೆ. ಅನುಮಾನ ನಿಜವಾಗಿದ್ದರೆ ಬಾಗಿಲ ಬಳಿಯ ತುರ್ತು ಗುಂಡಿ ಒತ್ತಿ ಚಾಲಕರಿಗೆ ಬೋಗಿಯನ್ನೂ ಅವನ ಬಟ್ಟೆಯ ಬಣ್ಣವನ್ನೂ ತಿಳಿಸಿ, ಅಥವಾ ಮುಂದಿನ ನಿಲ್ದಾಣದಲ್ಲಿ ಭದ್ರತಾ ಸಿಬ್ಬಂದಿಯನ್ನು ಕರೆಯಿರಿ. ಮೆಟ್ರೊದ ಒಳಗೂ ನಿಲ್ದಾಣದಲ್ಲಿಯೂ ಕ್ಯಾಮೆರಾಗಳಿವೆ. ಸಮಯ ಮತ್ತು ನಿಲ್ದಾಣ ಸರಿಯಾಗಿ ಹೇಳಿದರೆ ಆತ ಯಾವ ಗೇಟಿನಿಂದ ಹೊರಗೆ ಹೋದ ಎಂಬುದನ್ನೂ ನೋಡಬಹುದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಇತ್ತೀಚೆಗೆ ನಗರ ಸಾರಿಗೆ ಬಸ್ಸಿನಲ್ಲಿ ಶಾಲಾ ಬಾಲಕನೊಬ್ಬನ ಪಕ್ಕ ಕುಳಿತ ವ್ಯಕ್ತಿ ಅವನ ತೊಡೆಯ ಮೇಲೆ ಕೈಯಿಟ್ಟದ್ದನ್ನು ಕಂಡೆ. ಹುಡುಗ ಮುದುಡಿ ಕುಳಿತಿದ್ದ. ನಾನು ಏನೂ ಮಾಡಲಿಲ್ಲ. ತಪ್ಪು ತಿಳಿದಿದ್ದರೆ ಎಂಬ ಅಳುಕು. ಆ ಮುಖ ಮರೆಯಲಾಗುತ್ತಿಲ್ಲ.
— ಓದುಗ, ಮೈಸೂರು

ಉತ್ತರ: ಮಾನ್ಯರೇ, ನಿಮ್ಮಂತೆ ಅಳುಕಿದವರು ಆ ಬಸ್ಸಿನಲ್ಲಿ ಇನ್ನೂ ಕೆಲವರಿದ್ದಿರಬಹುದು. ಎಲ್ಲರೂ ಆ ಮನುಷ್ಯನನ್ನು ಹೇಗೆ ಎದುರಿಸುವುದೆಂದು ಯೋಚಿಸುತ್ತಾರೆ. ಅಲ್ಲಿಯೇ ಕೈ ಕಟ್ಟಿಹೋಗುವುದು. ಮೊದಲ ಮಾತು ಅವನೊಡನೆ ಅಲ್ಲ, ಹುಡುಗನೊಡನೆ. ‘ಏನಪ್ಪಾ, ಯಾವ ಶಾಲೆ? ಬಾ, ಇಲ್ಲಿ ಜಾಗ ಇದೆ’ ಎಂದು ಮೇಷ್ಟರ ದನಿಯಲ್ಲಿ ಕರೆದರೆ ಸಾಕು. ನಿಮ್ಮ ಊಹೆ ತಪ್ಪಾಗಿದ್ದು ಆತ ಹುಡುಗನ ಚಿಕ್ಕಪ್ಪನೇ ಆಗಿದ್ದರೆ ಅದು ಆ ಕ್ಷಣವೇ ತಿಳಿಯುತ್ತದೆ, ಯಾರ ಮಾನವೂ ಹೋಗುವುದಿಲ್ಲ. ಊಹೆ ನಿಜವಾಗಿದ್ದರೆ ಹುಡುಗ ಎದ್ದು ಬರುತ್ತಾನೆ. ಆಮೇಲೆ ನಿರ್ವಾಹಕರಿಗೆ ಹೇಳಿ, 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಗಂಡು ಮಕ್ಕಳಿಗೆ ಇಂಥದ್ದು ಆಗುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಹುಡುಗ ಹುಡುಗಿ ಎಂಬ ಭೇದವಿಲ್ಲದೆ ಅನ್ವಯಿಸುತ್ತದೆ.

ಹೊಡೆಯಲು ಮಾತ್ರ ಯಾರೂ ಮುಂದಾಗಬಾರದು. ನಾನು ಕೆಲಸ ಮಾಡಿದ ನಿಲ್ದಾಣವೊಂದರಲ್ಲಿ ‘ಹಿಡೀರಿ’ ಎಂಬ ಕೂಗಿಗೆ ಓಡಿಬಂದ ಜನ ಕೈಗೆ ಸಿಕ್ಕವನಿಗೆ ನಾಲ್ಕು ಬಿಗಿದರು. ಪೆಟ್ಟು ತಿಂದವನು ತನ್ನ ಬಸ್ಸಿಗೆ ಓಡುತ್ತಿದ್ದ ಬಡಪಾಯಿ. ಮಾಡಿದವನು ಅಷ್ಟರಲ್ಲಿ ಆವರಣ ದಾಟಿದ್ದ. ತಡೆದು ನಿಲ್ಲಿಸುವುದು, ಪೊಲೀಸರಿಗೆ ಒಪ್ಪಿಸುವುದು, ‘ನಾನು ಕಂಡಿದ್ದೇನೆ’ ಎಂದು ಹೆಸರು ಮತ್ತು ಫೋನ್ ಸಂಖ್ಯೆ ಬರೆದುಕೊಡುವುದು: ಈ ಮೂರರಲ್ಲಿ ಕೊನೆಯದಕ್ಕೆ ಮುಂದೆ ಬರುವವರು ಅತಿ ಕಡಿಮೆ. ನಿಮ್ಮಂಥ ಹಿರಿಯರು ಅದೊಂದನ್ನು ಮಾಡಿದರೆ ದೊಡ್ಡ ಉಪಕಾರ.

ಪ್ರಶ್ನೆ: ನನಗೆ 68 ವರ್ಷ. ಇಳಿಯುವುದರೊಳಗೆ ಬಸ್ ಹೊರಟುಬಿಡುತ್ತದೆ ಎಂಬ ಹೆದರಿಕೆಯಿಂದ ನಿಲ್ದಾಣಕ್ಕೆ ಮುಂಚೆಯೇ ಎದ್ದು ಬಾಗಿಲಲ್ಲಿ ನಿಲ್ಲುತ್ತೇನೆ. ಸರಿಯೇ?
— ಓದುಗರು, ಉಡುಪಿ

ಉತ್ತರ: ಅಮ್ಮ, ಬಾಗಿಲಲ್ಲಿ ನಿಲ್ಲುವುದೇ ಹೆಚ್ಚು ಅಪಾಯ. ಹಿಂದಿನ ನಿಲ್ದಾಣದಲ್ಲೇ ನಿರ್ವಾಹಕರಿಗೆ ‘ಮುಂದಿನದು ನನ್ನದು, ನಿಧಾನಕ್ಕೆ ಇಳಿಯುತ್ತೇನೆ’ ಎಂದು ಹೇಳಿಟ್ಟು, ಬಸ್ ಪೂರ್ತಿ ನಿಂತ ಮೇಲೆ ಏಳಿ. ಚಾಲಕರು ಕಾಯುವುದು ನಿರ್ವಾಹಕರ ಸೀಟಿಯ ಸದ್ದಿಗೆ. ಅವರ ಕಣ್ಣು ನಿಮ್ಮ ಮೇಲಿದ್ದರೆ ಸೀಟಿ ಬೀಳುವುದಿಲ್ಲ. ಚೀಲವನ್ನು ಬೇರೆಯವರ ಕೈಗೆ ಕೊಟ್ಟು, ಸರಳು ಹಿಡಿದು, ಬಸ್ಸಿನ ಮುಂದಿನ ದಿಕ್ಕಿಗೆ ಮುಖ ಮಾಡಿ ಇಳಿಯಿರಿ.

ಪ್ರಶ್ನೆ: ಐದು ತಿಂಗಳ ಹಿಂದೆ ರಾತ್ರಿ ಬಸ್ಸಿನಲ್ಲಿ ಹಿಂದಿನ ಸೀಟಿನವನು ಕೈ ತೂರಿಸಿದ. ಕೂಗಿದೆ, ನಿರ್ವಾಹಕರು ಅವನನ್ನು ಇಳಿಸಿದರು. ಎಲ್ಲ ಸರಿಯಾಗಿಯೇ ಆಯಿತು. ಆದರೆ ಅಂದಿನಿಂದ ಬಸ್ ಹತ್ತಲು ಆಗುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ಮನೆಯವರು ‘ಏನೂ ಆಗಲಿಲ್ಲವಲ್ಲ’ ಎನ್ನುತ್ತಾರೆ.
— ಓದುಗಳು, ಶಿವಮೊಗ್ಗ

ಉತ್ತರ: ಆಗಿದೆ. ಆದದ್ದು ದೊಡ್ಡದು, ಅದು ನಡೆದ ಜಾಗವನ್ನು ಮೈ ನೆನಪಿಟ್ಟುಕೊಂಡಿದೆ. ಅಷ್ಟಕ್ಕೆ ನಿಮ್ಮನ್ನು ಪುಕ್ಕಲು ಎಂದು ಯಾರೂ ಕರೆಯುವಂತಿಲ್ಲ. ‘ಧೈರ್ಯ ಮಾಡಿ ಹತ್ತು’ ಎಂದು ಒಮ್ಮೆಲೇ ರಾತ್ರಿ ಬಸ್ಸಿಗೆ ದೂಡುವುದೂ, ಇನ್ನು ಬಸ್ಸೇ ಬೇಡವೆಂದು ಮನೆಯಲ್ಲಿ ಕೂರಿಸುವುದೂ ಸರಿಯಲ್ಲ. ಹಗಲು ಹೊತ್ತಿನಲ್ಲಿ, ಜನಸಂದಣಿ ಕಡಿಮೆಯಿರುವಾಗ, ನಂಬಿದವರೊಬ್ಬರ ಜೊತೆಗೆ ಎರಡು ನಿಲ್ದಾಣದಷ್ಟು ದೂರ ಹೋಗಿ ಬನ್ನಿ. ಮುಂಭಾಗದ ಮಹಿಳೆಯರ ಸೀಟಿನಲ್ಲಿ, ಹಿಂದೆಯೂ ಮಹಿಳೆಯರೇ ಇರುವ ಕಡೆ ಕೂರಿ. ಎದೆ ಹೊಡೆದುಕೊಂಡರೆ ಇಳಿದುಬಿಡಿ, ಅದು ಸೋಲಲ್ಲ. ಎರಡು ದಿನ ಬಿಟ್ಟು ಅದೇ ದೂರಕ್ಕೆ ಮತ್ತೆ ಹೋಗಿ. ಅದು ಸಲೀಸಾದ ಮೇಲೆ ಇನ್ನೆರಡು ನಿಲ್ದಾಣ, ಆಮೇಲೆ ಜೊತೆಯವರು ನಾಲ್ಕು ಸೀಟು ದೂರ.

ಐದು ತಿಂಗಳಾದರೂ ಇಳಿಯದ ಭಯಕ್ಕೆ ತಿಳಿದವರ ಸಹಾಯ ಪಡೆಯುವುದು ಒಳ್ಳೆಯದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ–ಮಾನಸ್ ಸೇವೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಏನು ಹೇಳಬೇಕೆಂದು ತೋಚದಿದ್ದರೆ ನಮಗೆ ಬರೆದ ಈ ನಾಲ್ಕು ಸಾಲುಗಳನ್ನೇ ಅವರಿಗೆ ಓದಿ ಹೇಳಿ.